ಬಿಟ್ಟುಕೊಡುವ ಅಂಟು

ಕಂಪ್ಲಿಯ ಕೋಟೆಯವರು ಮಳೆಗಾಲವನ್ನು ಆಕಾಶ ನೋಡಿ ಅಳೆಯುವುದಿಲ್ಲ. ಅಣೆಕಟ್ಟೆಯ ಗೇಟಿನ ಲೆಕ್ಕ ಕೇಳಿ ಅಳೆಯುತ್ತಾರೆ. ಹೊಸಪೇಟೆಯ ಹತ್ತಿರ ತುಂಗಭದ್ರೆಯ ಗೇಟುಗಳೆದ್ದು ಲಕ್ಷ ಕ್ಯೂಸೆಕ್ ಮೀರಿ ನೀರು ಹೊರಟಿತೆಂದರೆ ಗಂಗಾವತಿ ಕಡೆಯ ಸೇತುವೆಯ ಬಗ್ಗೆ ವಿಚಾರಣೆ ಶುರುವಾಗುತ್ತದೆ. ಇನ್ನೂ ಹೆಚ್ಚಿದರೆ ದಂಡೆಯ ಬಾಳೆ, ಭತ್ತ. ಅದಕ್ಕೂ ಹೆಚ್ಚಿದರೆ ತಗ್ಗಿನ ಮನೆಗಳ ಹೊಸ್ತಿಲು. ಅಂಥದೊಂದು ವರ್ಷ ನಮ್ಮ ನೆಂಟರ ಮನೆಯಲ್ಲಿ ಗ್ಯಾಸ್ ಸಿಲಿಂಡರು, ಅಕ್ಕಿ ಚೀಲ, ಟೀವಿ ಎಲ್ಲ ಅಟ್ಟ ಏರಿದವು. ಪಡಸಾಲೆಯ ಮೂಲೆಯ ಹಳೇ ಗಲ್ಲಾ ಪೆಟ್ಟಿಗೆಯನ್ನು ಮಾತ್ರ ಯಾರೂ ನೆನೆಯಲಿಲ್ಲ. ಅದೇ ನೆನೆಯಿತು.

ಎರಡು ದಿನ ಕಳೆದು ನೀರಿಳಿದಾಗ ಅಲ್ಲಿ ಪೆಟ್ಟಿಗೆ ಇರಲಿಲ್ಲ. ನಾಲ್ಕು ಪಕ್ಕದ ಹಲಗೆ, ತಳ, ಮುಚ್ಚಳ, ಒಳಗಿನ ಪುಟ್ಟ ಗೂಡುಗಳ ಪಟ್ಟಿಗಳು ಕೆಸರಿನಲ್ಲಿ ಒಂದೊಂದು ದಿಕ್ಕಿಗೆ ಬಿದ್ದಿದ್ದವು. ಒಲೆಗೆ ಹಾಕಲಿಕ್ಕೂ ಒಣಗಿಸಬೇಕಲ್ಲ ಎಂದು ಮನೆಯವರು ಗೊಣಗುತ್ತಿದ್ದಾಗ, ಬಾಗಿಲ ಚೌಕಟ್ಟು ಉಬ್ಬಿದ್ದನ್ನು ನೋಡಲು ಕರೆಸಿದ್ದ ವಯಸ್ಸಾದ ಬಡಿಗೇರರೊಬ್ಬರು ಒಂದು ಹಲಗೆಯನ್ನೆತ್ತಿ ಅದರ ತುದಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದರು. "ಯಾಕ್ ಚಿಂತಿ ಮಾಡ್ತೀರಿ? ಇದು ಮುರಿದಿಲ್ರಿ, ಬಿಚ್ಚಿಕೊಂಡೈತಿ" ಎಂದರು. ಆಮೇಲೆ ಹಿಂಬದಿಯ ಎಡ ಮೂಲೆಯ ತುಂಡನ್ನು ಹಿಡಿದು ಮುಖ ಕಿವಿಚಿದರು. "ಇದೊಂದು ಮುರದೈತಿ. ಇದಕ್ಕ ಯಾರೋ ಗಟ್ಟಿ ಅಂಟು ಹಾಕ್ಯಾರ."

ಆ 'ಯಾರೋ' ಮನೆಯ ಹಿರಿಯರೇ. ಬಹಳ ವರ್ಷಗಳ ಹಿಂದೆ ಆ ಮೂಲೆ ಸಡಿಲಾದಾಗ ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ತಂದು, ಇನ್ನು ಜನ್ಮದಲ್ಲಿ ಬಿಡಬಾರದು ಎನ್ನುವಂತೆ ಮೆತ್ತಿದ್ದರು. ಅದು ಬಿಡಲಿಲ್ಲ ನಿಜ. ನೀರು ಕುಡಿದು ಉಬ್ಬಿದ ಹಲಗೆಗೆ ಎತ್ತಲೂ ಸರಿಯಲು ಜಾಗ ಸಿಗದೆ ಅಂಟಿನ ಪಕ್ಕದಲ್ಲೇ ಮರ ಸೀಳಿತ್ತು. ಉಳಿದ ಮೂರು ಮೂಲೆಗಳಲ್ಲಿ ಹಳೆಯ ಅಂಟು ಸೋತಿತ್ತು, ಮರ ಉಳಿದಿತ್ತು. ನಾಲ್ಕನೆಯದರಲ್ಲಿ ಅಂಟು ಗೆದ್ದಿತ್ತು. ಹಳೆಯ ಮರದ ಸಾಮಾನಿನ ರಿಪೇರಿಯ ಬಗ್ಗೆ ಆಮೇಲೆ ನಾನು ಓದಿ, ಕೇಳಿ ತಿಳಿದದ್ದೆಲ್ಲ ಈ ನಾಲ್ಕು ಮೂಲೆಗಳನ್ನೇ ಸುತ್ತುತ್ತದೆ.

ಮೂರು ಮೂಲೆಯ ಅಂಟು ಸರೇಸು. ಕೆಲವು ಕಡೆ ಬಡಿಗರು ಇದನ್ನು ವಜ್ರ ಎಂದೂ ಕರೆಯುವುದುಂಟು. ದನ ಎಮ್ಮೆಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು ಇದು; ಕಂದುಬಣ್ಣದ ಹರಳು ಅಥವಾ ಬಿಲ್ಲೆಯ ರೂಪದಲ್ಲಿ ಸಿಗುತ್ತದೆ. ರಾತ್ರಿ ತಣ್ಣೀರಲ್ಲಿ ನೆನೆಹಾಕಿದರೆ ಬೆಳಗ್ಗೆ ಹಲ್ವದ ಹಾಗೆ ಉಬ್ಬಿರುತ್ತದೆ. ಅದನ್ನು ಪಾತ್ರೆಯೊಳಗೆ ಪಾತ್ರೆ ಇಟ್ಟು, ಸುತ್ತಲಿನ ನೀರು ಕುದಿಯದ ಹಾಗೆ ಸುಮಾರು 60 ಡಿಗ್ರಿ ಬಿಸಿಯಲ್ಲಿ ಕರಗಿಸಬೇಕು. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ, ವಾಸನೆ ಮಾತ್ರ ಉಳಿಯುತ್ತದೆ. ಬಿಸಿಯಿರುವಾಗ ಹಚ್ಚಿ ಬಿಗಿದರೆ ತಣಿಯುತ್ತಲೇ ಹಿಡಿಯುತ್ತದೆ, ಒಣಗಿದಂತೆ ಕುಗ್ಗಿ ಜೋಡಣೆಯನ್ನು ಇನ್ನಷ್ಟು ಎಳೆದುಕೊಳ್ಳುತ್ತದೆ. ದಶಕಗಳಾದ ಮೇಲೂ ಬಿಸಿನೀರು, ತೇವ, ಸ್ವಲ್ಪ ತಾಳ್ಮೆ ಇವಿಷ್ಟು ಸಿಕ್ಕರೆ ಹಿಡಿತ ಬಿಡುತ್ತದೆ. ಹೊಸ ಸರೇಸು ಹಳೆಯ ಸರೇಸಿನ ಮೇಲೇ ಕೂರುತ್ತದೆ, ಹಳೆಯದನ್ನು ತನ್ನ ಬಿಸಿಗೆ ಕರಗಿಸಿ ಜೊತೆಗೆ ಸೇರಿಸಿಕೊಳ್ಳುತ್ತದೆ. ಮರವನ್ನು ಕೆರೆದು ಹೊಸ ಮೈ ಮಾಡಬೇಕಾಗಿಲ್ಲ.

ಈ ಅಂಟಿನ ಸುದ್ದಿ ನಮ್ಮ ಕಡೆಗೆ ಹೊಸತಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಿದ್ಧಪಡಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರಕಲೆಯ ಭಾಗವೊಂದಿದೆ. ಅಲ್ಲಿ ವಜ್ರಲೇಪ ಮಾಡುವ ಕ್ರಮ ಬರುತ್ತದೆ: ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಷ್ಟು ಮೆತ್ತಗಾಗುವ ತನಕ ನೀರಲ್ಲಿ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಡುವುದು, ಬೇಕಾದಾಗ ನೀರು ಹಾಕಿ ಕಾಯಿಸಿಕೊಳ್ಳುವುದು. ಅಡಿಗೆ, ಆನೆ, ಮಲ್ಲಯುದ್ಧ, ಔಷಧ ಎಲ್ಲದರ ಬಗ್ಗೆ ಬರೆಸಿದ ದೊರೆ ಅಂಟನ್ನೂ ಬಿಡಲಿಲ್ಲ. ಕಂಪ್ಲಿಗೂ ಆ ಮನೆತನಕ್ಕೂ ನಂಟಿದೆ. 11ನೇ ಶತಮಾನದಲ್ಲಿ ಕಂಪಿಲಿಯ ಚಾಲುಕ್ಯ ಅರಮನೆಯನ್ನು ಕೆಡವಿದ್ದಾಗಿ ಚೋಳ ರಾಜಾಧಿರಾಜನ ಶಾಸನಗಳು ಹೇಳಿಕೊಳ್ಳುತ್ತವೆ. ಆ ಅರಮನೆಯ ಬಾಗಿಲು, ಮಂಚ, ಪೆಟ್ಟಿಗೆಗಳಲ್ಲಿ ಒಂದು ಚಕ್ಕೆಯೂ ನಮಗೆ ಸಿಕ್ಕಿಲ್ಲ. ಮರದ ಹಣೆಬರಹವೇ ಅಷ್ಟು. ಪಕ್ಕದ ಹಂಪಿಯಲ್ಲೂ ನೂರು ಕಂಬಗಳ ಸಭಾಂಗಣಕ್ಕೆ ಹೋದವರಿಗೆ ಕಾಣುವುದು ಕಲ್ಲಿನ ಜಗಲಿ, ಅದರ ಮೇಲೆ ಮರದ ಕಂಬ ಕೂರಿಸಿದ್ದ ಗುಳಿಗಳ ಸಾಲು, ಅಷ್ಟೇ. 1565ರ ನಂತರದ ಬೆಂಕಿ ಮರವನ್ನೆಲ್ಲ ತಿಂದಿತು. ಮರದ ಕೆಲಸ ಹೇಗಿದ್ದೀತು ಎಂದು ತಿಳಿಯಬೇಕಾದರೆ ವಿಠ್ಠಲ ದೇವಾಲಯದ ಕಲ್ಲಿನ ಸೂರಿನ ಕೆಳಗೆ ನಿಂತು ಕತ್ತೆತ್ತಬೇಕು. ಮರದ ಜಂತೆಗಳನ್ನು ಅಣಕಿಸುವ ಗೆರೆಗಳನ್ನು ಶಿಲ್ಪಿ ಕಲ್ಲಿನಲ್ಲಿ ಬಿಡಿಸಿಟ್ಟಿದ್ದಾನೆ.

ಗಲ್ಲಾ ಪೆಟ್ಟಿಗೆಗೆ ಬರೋಣ. ಈಗಿನ ಹುಡುಗರಿಗೆ ಗಲ್ಲಾ ಎಂದರೆ ಸ್ಟೀಲಿನ ಡ್ರಾಯರು, ಇಲ್ಲವೆ ಕ್ಯೂಆರ್ ಕೋಡ್ ಅಂಟಿಸಿದ ಮೇಜು. ಹಳೆಯದು ನೆಲದ ಗಾದಿಯ ಮುಂದೆ ಇಟ್ಟುಕೊಳ್ಳುವ ಪೆಟ್ಟಿಗೆ. ಮುಚ್ಚಳ ತುಸು ಇಳಿಜಾರು, ಅದರ ಮೇಲೆ ಖಾತೆ ಪುಸ್ತಕ ಇಟ್ಟು ಬರೆಯಬಹುದು. ಒಳಗೆ ಮೇಲಿನ ಅಂತಸ್ತಿನಲ್ಲಿ ಚಿಲ್ಲರೆಯ ಗೂಡುಗಳು, ಕೆಳಗೆ ನೋಟು, ಪತ್ರ, ಬಂಗಾರದ ಅಡವು ಚೀಟಿ. ಗೂಡುಗಳಿಗೆ ಅರ್ಧಗೋಳದ ತಳ ಕೊರೆದಿರುತ್ತಾರೆ. ಬೆರಳು ಹಾಕಿ ಎಳೆದರೆ ನಾಣ್ಯ ತಾನೇ ಮೇಲೆ ಬರುತ್ತದೆ. ನಮ್ಮ ನೆಂಟರದರಲ್ಲಿ ಅಂಥ ಐದು ಗೂಡು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ ಇದ್ದ ಕಾಲದ ಲೆಕ್ಕಕ್ಕೆ ಕೊರೆದವು. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದ ಮೇಲೆ ಆ ಗೂಡುಗಳ ಅಳತೆಗೆ ಅರ್ಥ ಹೋಯಿತು. ಒಂದರಲ್ಲಿ ಕಡೆಗಾಲದಲ್ಲಿ ಅಡಿಕೆ ಚೂರು ಇಡುತ್ತಿದ್ದರಂತೆ; ಅದರ ಕಂದು ಕಲೆ ಈಗಲೂ ಇದೆ.

ರಿಪೇರಿ ಎಂದರೆ ಉಳಿ ಕೈಗೆತ್ತಿಕೊಳ್ಳುವುದು ಎಂದು ನಾನು ತಿಳಿದಿದ್ದೆ. ಬಡಿಗೇರರು ಮೊದಲ ವಾರ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಒಣಗಿಸಿದರು, ಅಷ್ಟೇ, ಅದೂ ಬಿಸಿಲಲ್ಲಲ್ಲ. ಬಳ್ಳಾರಿ ಸೀಮೆಯ ಬಿಸಿಲು ಒದ್ದೆ ಹಲಗೆಯ ಮೇಲ್ಮೈಯನ್ನು ಗಂಟೆಯಲ್ಲಿ ಒಣಗಿಸಿಬಿಡುತ್ತದೆ, ಒಳಗೆ ನೀರು ಹಾಗೇ ಇರುತ್ತದೆ. ಹೊರಗಿನದು ಕುಗ್ಗುತ್ತದೆ, ಒಳಗಿನದು ಜಗ್ಗುವುದಿಲ್ಲ, ನಡುವೆ ಬಿರುಕು. ನೆರಳಲ್ಲಿ, ಗಾಳಿಯಾಡುವ ಕಡೆ, ಹಲಗೆಗಳ ನಡುವೆ ಒಂದೇ ದಪ್ಪದ ಚಕ್ಕೆಗಳನ್ನಿಟ್ಟು ಪೇರಿಸಿ, ಮೇಲೆ ಭಾರ ಹೇರಿ ಬಿಟ್ಟರು. ದಿನಕ್ಕೊಮ್ಮೆ ತಿರುವಿ ಹಾಕುವುದು ಮನೆಯ ಹೆಂಗಸರ ಪಾಲಿಗೆ ಬಂತು, ಹಪ್ಪಳದ ಹಾಗೆ. ಬೂಸಲು ಬಂದದ್ದನ್ನು ಒಣ ಬ್ರಷ್ಷಿನಿಂದ ಅಂಗಳದಲ್ಲಿ ತೆಗೆದರು. ಮೂರು ವಾರವಾಯಿತು.

ಆ ಮೂರು ವಾರ ನಾನು ಬಿಚ್ಚಿದ ಪೆಟ್ಟಿಗೆಯನ್ನು ಓದಿದೆ. ಮುಚ್ಚಿದ ಪೆಟ್ಟಿಗೆ ತನ್ನ ವಯಸ್ಸು ಹೇಳುವುದಿಲ್ಲ. ಬಿಚ್ಚಿದ್ದು ಎಲ್ಲ ಹೇಳುತ್ತದೆ. ಮೊದಲು ಮೊಳೆ. ತಂತಿ ಕತ್ತರಿಸಿ ಮಾಡಿದ ದುಂಡು ಮೊಳೆ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೆ ಮುಂಚಿನವು ಚೌಕ ಮೈಯವು, ಕಮ್ಮಾರ ಬಡಿದವು. ಸ್ಕ್ರೂ ಇದ್ದರೆ ತುದಿ ನೋಡಬೇಕು. 19ನೇ ಶತಮಾನದ ನಡುಭಾಗದ ತನಕ ಸ್ಕ್ರೂಗಳ ತುದಿ ಮೊಂಡು, ಮೊದಲೇ ತೂತು ಕೊರೆಯದೆ ಹೋಗುತ್ತಿರಲಿಲ್ಲ. ತಲೆಯ ಮೇಲೆ ಕೂಡುಗುರುತಿನ ಗಾಡಿಯಿದ್ದರೆ 1930ರ ದಶಕಕ್ಕಿಂತ ಹಿಂದಿನದಲ್ಲ. ಹಲಗೆಯ ಒಳಮೈಯಲ್ಲಿ ಗರಗಸದ ಗೆರೆ ನೇರವಾಗಿದ್ದರೆ ಕೈಗರಗಸ, ಕಮಾನಿನಂತೆ ಬಾಗಿದ್ದರೆ ಮಿಲ್ಲಿನ ದುಂಡು ಗರಗಸ. ಆದರೆ ಇವನ್ನು ಹಿಡಿದು ಯಾರೂ ಪಂಚಾಂಗ ಬರೆಯಬಾರದು. ಕೀಲು ಮೂರು ಸಲ ಬದಲಾಗಿರುತ್ತದೆ, ತಳದ ಹಲಗೆ ಬೇರೆ ಯಾವುದೋ ಬಾಗಿಲಿನದಾಗಿರುತ್ತದೆ. ಈ ಪೆಟ್ಟಿಗೆಯಲ್ಲೇ ಚೌಕ ಮೊಳೆ, ದುಂಡು ಮೊಳೆ, ಕೂಡುಗುರುತಿನ ಸ್ಕ್ರೂ ಮೂರೂ ಇದ್ದವು. ಒಂದು ಪೆಟ್ಟಿಗೆಯಲ್ಲಿ ಮೂರು ತಲೆಮಾರಿನ ರಿಪೇರಿ.

ಮೊಳೆಗಳ ಸುತ್ತ ಮರ ಕಪ್ಪಗಾಗಿತ್ತು. ಕೊಳೆ ಎಂದುಕೊಂಡು ನಿಂಬೆಹುಳಿ ಹಚ್ಚಿ ತಿಕ್ಕಲು ಹೋದವನನ್ನು ಬಡಿಗೇರರು ತಡೆದರು. ಅದು ಕೊಳೆಯಲ್ಲ, ಮಸಿ. ಮರದಲ್ಲಿರುವ ಒಗರು ಕಬ್ಬಿಣದೊಂದಿಗೆ ತೇವದಲ್ಲಿ ಕೂಡಿದರೆ ಕಪ್ಪಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡಿಕೊಳ್ಳುತ್ತಿದ್ದುದೂ ಇದೇ ಕ್ರಿಯೆ. ಒಳಗೆ ಖಾತೆ ಪುಸ್ತಕಕ್ಕೆ ಒಂದು ಮಸಿ, ಹೊರಗೆ ಮೊಳೆ ತಾನೇ ಮಾಡಿಕೊಂಡ ಇನ್ನೊಂದು. ಅದನ್ನು ಬಿಟ್ಟೆವು. ತುಕ್ಕನ್ನು ಮಾತ್ರ ಕೆರೆದು, ಮೊಳೆಗೆ ಮೇಣ ಸವರಿದರು. ಮುಂದೆ ತೇವ ತಾಗಿದರೂ ಮರ ಮತ್ತು ಕಬ್ಬಿಣದ ನಡುವೆ ಒಂದು ಪರದೆ ಇರಲಿ ಎಂದು.

ಒಳಗಿನ ಅಸ್ತರು ಕಾಗದ ನೀರಿಗೆ ಸಿಕ್ಕಿ ಅರ್ಧ ಹೋಗಿತ್ತು. ಉಳಿದದ್ದರಲ್ಲಿ ಒಂದು ಸಾಲು ತೆಲುಗು, ಕೆಳಗೆ ಕನ್ನಡದ ಅಂಕಿಗಳು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಬಳ್ಳಾರಿ ಮದರಾಸಿನ ಆಡಳಿತದಲ್ಲಿತ್ತಲ್ಲ, ಇಲ್ಲಿಯ ಹಳೆಯ ದಫ್ತರಗಳಿಗೆ ಎರಡು ನಾಲಿಗೆ ಸಹಜ. ಆ ಕಾಗದವನ್ನು ಕಿತ್ತು ಹೊಸ ಬಣ್ಣದ ಕಾಗದ ಅಂಟಿಸುವ ಆಸೆ ಮನೆಯವರಿಗಿತ್ತು. ಈ ವಿಷಯದಲ್ಲಿ ನಾನು ಹಟ ಹಿಡಿದೆ. ಹರಿದ ಅಂಚಿಗೆ ಮೈದಾ ಗಂಜಿ ತೆಳ್ಳಗೆ ಸವರಿ ಇದ್ದಲ್ಲೇ ಕೂರಿಸಿದೆವು. ಗಂಜಿಯೂ ಬಿಟ್ಟುಕೊಡುವ ಅಂಟೇ. ಅದರ ರುಚಿ ಇಲಿ, ಜಿರಲೆಗೂ ಗೊತ್ತು ಎಂಬುದೊಂದೇ ಕಷ್ಟ. ಮೈಲುತುತ್ತದ ಚಿಟಿಕೆ ಬೆರೆಸುವ ಹಳೆಯ ಪದ್ಧತಿ ಅದಕ್ಕೇ ಹುಟ್ಟಿದ್ದು. ಮಕ್ಕಳ ಕೈಗೆ ಸಿಗುವ ಪೆಟ್ಟಿಗೆಯಾದ್ದರಿಂದ ಆ ವಿಷ ನಾವು ಹಾಕಲಿಲ್ಲ.

ಹುಳದ ಮಾತೂ ಬಂತು. ತೇಗಕ್ಕೆ ಹುಳ ಬೀಳುವುದಿಲ್ಲ ಎನ್ನುವುದು ಅರ್ಧ ಸತ್ಯ. ತೇಗದ ಚೇಗಿನಲ್ಲಿ ಗೆದ್ದಲಿಗೆ ಒಗ್ಗದ ಎಣ್ಣೆಯಂಥ ಪದಾರ್ಥಗಳಿವೆ. ಹೊರಗಿನ ಬಿಳಿ ಭಾಗದಲ್ಲಿ ಅದಿಲ್ಲ, ಬದಲಿಗೆ ಪಿಷ್ಟವಿದೆ. ಮರ ಉಳಿಸಲು ಬಡಿಗ ಹಲಗೆಯ ಅಂಚಿನಲ್ಲಿ ಒಂದು ಬೆರಳಗಲ ಬಿಳಿ ಬಿಟ್ಟಿದ್ದರೆ ಕುಟ್ಟೆ ಹುಳ ಅದನ್ನು ಹುಡುಕಿಕೊಂಡು ಬರುತ್ತದೆ. ಮುಂಗಡೆಯ ಹಲಗೆಯಲ್ಲಿ ಹಾಗೇ ಆಗಿತ್ತು: ಗುಂಡುಸೂಜಿ ತಲೆಯಷ್ಟು ತೂತುಗಳು ಅಂಚಿನ ಉದ್ದಕ್ಕೂ ಸಾಲುಗಟ್ಟಿ, ಚೇಗು ಶುರುವಾದಲ್ಲಿ ಗೆರೆ ಎಳೆದಂತೆ ನಿಂತಿದ್ದವು. ಕೆಚ್ಚೆದೆ ಎನ್ನುವ ಮಾತಿನ ಕೆಚ್ಚು ಎಂದರೂ ಮರದ ಈ ಗಟ್ಟಿ ತಿರುಳೇ. ಗಂಡುಗಲಿ ಕುಮಾರರಾಮನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೂತು ಇದ್ದ ಮಾತ್ರಕ್ಕೆ ಹುಳ ಇದೆ ಎಂದಲ್ಲ. ಹಲಗೆಯನ್ನು ತಟ್ಟಿ ಪುಡಿ ಉದುರಿಸಿ, ಕರಿ ಕಾಗದದ ಮೇಲೆ ಕೆಲವು ವಾರ ಇಟ್ಟು ನೋಡಬೇಕು. ಹೊಸ ಪುಡಿ ಬಿದ್ದರೆ ಒಳಗೆ ಬಾಡಿಗೆದಾರರಿದ್ದಾರೆ. ವಸ್ತುಸಂಗ್ರಹಾಲಯಗಳಲ್ಲಿ ಇಂಥದನ್ನು ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ವಾರಗಟ್ಟಲೆ ಇಡುತ್ತಾರೆ, ಇಲ್ಲವೆ ಆಮ್ಲಜನಕ ತೆಗೆದ ಚೀಲದಲ್ಲಿ ಉಸಿರುಗಟ್ಟಿಸುತ್ತಾರೆ. ಕಂಪ್ಲಿಯಲ್ಲಿ ಅಂಥ ಫ್ರೀಜರು ಹುಡುಕುತ್ತ ಕೂರಲಾಗದು. ಬಣ್ಣ, ಪಾಲಿಶು ಇಲ್ಲದ ಒಳಮೈಗೆ ಬಿಳಿಗಾರ ಮತ್ತು ಬೋರಿಕ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ಬ್ರಷ್ಷಿನಿಂದ ಕುಡಿಸುವುದು ಕೈಗೆಟುಕುವ ದಾರಿ. ಸೀಮೆಎಣ್ಣೆ ಸುರಿಯುವವರಿದ್ದಾರೆ. ಹಾರಿಹೋಗುವ ತನಕ ಅದರ ಬಲ, ಆಮೇಲೆ ನಾಲ್ಕು ತಿಂಗಳು ಖಾತೆ ಪುಸ್ತಕವೆಲ್ಲ ಸ್ಟವ್ವಿನ ವಾಸನೆ.

ಮುಚ್ಚಳದ ಬಿರುಕು ನೀರಿನಿಂದ ಆದದ್ದಲ್ಲ, ಅದು ಹಳೆಯದು. ಅದರ ಕಾರಣ ತಿಳಿದ ಮೇಲೆ ಮನೆಯ ಬಾಗಿಲು, ಕಪಾಟು, ಮಣೆ ಎಲ್ಲದರ ಬಿರುಕೂ ಅರ್ಥವಾಗತೊಡಗಿತು. ಮರ ಸತ್ತ ಮೇಲೂ ಉಸಿರಾಡುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, 40 ಡಿಗ್ರಿಯ ಏಪ್ರಿಲ್‌ನಲ್ಲಿ ಕುಗ್ಗುತ್ತದೆ. ಆದರೆ ಉದ್ದಕ್ಕೆ ಹಿಗ್ಗುಕುಗ್ಗು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಮಾತ್ರ ಜಾಸ್ತಿ. ಹಸಿಯಿಂದ ಪೂರ್ತಿ ಒಣಗುವ ತನಕ ತೇಗ ಅಡ್ಡಕ್ಕೆ ನೂರಕ್ಕೆ ಐದರಷ್ಟು ಕುಗ್ಗಬಲ್ಲದು. ಹಳೆಯ ಒಂದೂವರೆ ಅಡಿ ಅಗಲದ ಹಲಗೆ ಕೂಡ ಮಳೆಗಾಲ ಬೇಸಿಗೆಗಳ ನಡುವೆ ಮೂರು ನಾಲ್ಕು ಮಿಲಿಮೀಟರ್ ಆಚೀಚೆ ಆಗಬಹುದು. ಈಗ ಆ ಹಲಗೆ ಬಾಗದಿರಲಿ ಎಂದು ಕೆಳಗೆ ಅಡ್ಡಪಟ್ಟಿ ಇಟ್ಟು ಎರಡೂ ತುದಿಗೆ ಮೊಳೆ ಜಡಿದರೆ? ಪಟ್ಟಿ ತನ್ನ ಉದ್ದಕ್ಕೆ ಕುಗ್ಗುವುದಿಲ್ಲ, ಹಲಗೆ ತನ್ನ ಅಗಲಕ್ಕೆ ಕುಗ್ಗಲೇಬೇಕು. ಹಗ್ಗ ಎರಡೂ ಕಡೆ ಕಟ್ಟಿದ ಎತ್ತಿನ ಪಾಡು. ನಡುವೆ ಸೀಳುತ್ತದೆ.

ಮೂಲ ಬಡಿಗನಿಗೆ ಇದು ಗೊತ್ತಿತ್ತು. ಅವನ ಅಡ್ಡಪಟ್ಟಿ ಮುಚ್ಚಳದಲ್ಲಿ ಕೊರೆದ ಗಾಡಿಯೊಳಗೆ ಅಂಟಿಲ್ಲದೆ ಜಾರುವಂತೆ ಕೂತಿತ್ತು. ನಂತರದ ಯಾರೋ ಒಬ್ಬರು, ಪಟ್ಟಿ ಅಲುಗಾಡುತ್ತದಲ್ಲ ಎಂದು ಎರಡು ಕಡೆ ದುಂಡು ಮೊಳೆ ಹೊಡೆದಿದ್ದರು. ಅಲುಗಾಡುವುದನ್ನು ಕಂಡರೆ ನಮಗೆ ತಡೆಯುವುದಿಲ್ಲ. ಬಡಿಗೇರರು ಆ ಮೊಳೆಗಳನ್ನು ಕಿತ್ತರು, ಗಾಡಿಯನ್ನು ಶುದ್ಧ ಮಾಡಿ ಪಟ್ಟಿಗೆ ಮೇಣ ಸವರಿ ಮತ್ತೆ ಜಾರಿಸಿದರು. ಬಿರುಕನ್ನು ಮುಚ್ಚಲು ಹಲಗೆಯನ್ನು ಎಳೆದು ಬಿಗಿಯಲಿಲ್ಲ. ಹಾಗೆ ಬಿಗಿದರೆ ಮುಂದಿನ ಬೇಸಿಗೆಗೆ ಇನ್ನೊಂದು ಕಡೆ ಸೀಳುತ್ತದಂತೆ. ಹಳೆಯ ತೇಗದ ತೆಳು ಚಕ್ಕೆಯೊಂದನ್ನು ಬಿರುಕಿನ ಆಕಾರಕ್ಕೆ ಕೆತ್ತಿ, ಎಳೆ ಕೂಡುವ ಹಾಗೆ ಹಿಡಿದು, ಸರೇಸು ಹಚ್ಚಿ ಇಳಿಸಿದರು. ಗರಗಸದ ಪುಡಿಗೆ ಅಂಟು ಕಲಸಿ ತುಂಬಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಆ ಮುದ್ದೆ ಮರದ ಜೊತೆ ಹಿಗ್ಗುವುದಿಲ್ಲ, ಒಂದೆರಡು ವರ್ಷಕ್ಕೆ ಉದುರುತ್ತದೆ.

ಹಾಗೆಂದು ಪುಡಿಯ ಮುದ್ದೆಯನ್ನು ಪೂರಾ ತೆಗಳುವಂತಿಲ್ಲ. ಹೊಳೆ ದಾಟಿ ಗಂಗಾವತಿ ಕಳೆದು ಕೊಪ್ಪಳದ ಕಡೆ ಹೋದರೆ ಕಿನ್ನಾಳ ಸಿಗುತ್ತದೆ. ಅಲ್ಲಿಯ ಚಿತ್ರಗಾರರ ಗೊಂಬೆ, ಮಣೆ, ತೊಟ್ಟಿಲು, ಗರುಡ, ಗೌರಿಯರಿಗೆ ಭೌಗೋಳಿಕ ಮಾನ್ಯತೆಯ ಮುದ್ರೆಯೂ ಇದೆ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳು ತಮ್ಮ ಪೂರ್ವಿಕರ ಕೈಕೆಲಸ ಎಂಬ ಹೇಳಿಕೆ ಅವರಲ್ಲಿದೆ. ಹಗುರ ಮರದ ತುಂಡುಗಳನ್ನು ಅವರು ಕೂಡಿಸುವುದು ಹುಣಸೆ ಬೀಜದ ಅಂಟಿನಿಂದ. ಗೋಣಿತಟ್ಟಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಅಂಟಿನೊಂದಿಗೆ ಕಲಸಿದರೆ ಅದು ಕಿಟ್ಟ. ಸಂದು, ಗಂಟು, ತಗ್ಗುಗಳಿಗೆ ಅದನ್ನು ತುಂಬುತ್ತಾರೆ. ಬೆಣಚು ಪುಡಿಯ ಅಂಟಿನಿಂದ ಒಡವೆಯ ಉಬ್ಬು ಎಬ್ಬಿಸಿ, ಬಿಳಿ ಬಳಿದು, ಆಮೇಲೆ ಬಣ್ಣ. ನಾರು ಇರುವುದರಿಂದ ಕಿಟ್ಟ ಬರಿಯ ಹೊಟ್ಟಿನ ಮುದ್ದೆಯಂತೆ ಪುಡಿಯಾಗಿ ಬೀಳುವುದಿಲ್ಲ. ಚಳ್ಳಕೆರೆ ಕಡೆಯ ಕುರುಬರು ಕಂಬಳಿಗೆ ಹಾಕುವ ಗಂಜಿಯೂ ಇದೇ ಹುಣಸೆ ಬೀಜದ್ದು. ನಮ್ಮ ಪೆಟ್ಟಿಗೆಯ ಕುಟ್ಟೆ ತಿಂದ ಅಂಚಿಗೆ, ಮರ ಹೊರಲಾರದಷ್ಟು ಟೊಳ್ಳಾದ ಕಡೆ, ಬಡಿಗೇರರು ಮಾಡಿದ್ದು ಹೆಚ್ಚುಕಡಿಮೆ ಇಂಥದ್ದೇ ಕಲಸು.

ಉತ್ತರ ಕರ್ನಾಟಕದ ಊರುಗಳಲ್ಲಿ ದ್ಯಾಮವ್ವನ ಜಾತ್ರೆಗೆ ಮೊದಲು ಮರದ ದೇವಿಯನ್ನು ಗದ್ದುಗೆಯಿಂದಿಳಿಸಿ ಬಣ್ಣಕ್ಕೆ ಕೂರಿಸುತ್ತಾರೆ. ಸಡಿಲವಾದ ಕೈ ಬಿಗಿಯಾಗುತ್ತದೆ, ಬಿರುಕು ತುಂಬುತ್ತದೆ, ಮುಖಕ್ಕೆ ಹೊಸ ಬಣ್ಣ ಬೀಳುತ್ತದೆ. ಆ ದಿನಗಳಲ್ಲಿ ದೇವಿಯ ದರ್ಶನವಿಲ್ಲ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೂ ಹೀಗೆ ಸಿದ್ಧತೆ ನಡೆಯುತ್ತದೆ. ಹಳೆಯದನ್ನು ಹಳೆಯದಾಗಿಯೇ ಕಾಣಿಸಬೇಕೆಂಬ ಹಂಬಲ ಅಲ್ಲಿಲ್ಲ. ದೇವಿ ಹೊಸದಾಗಿ ಹೊಳೆಯಬೇಕು. ವಸ್ತುಸಂಗ್ರಹಾಲಯದ ತಜ್ಞರಿಗೆ ಇದು ಕಸಿವಿಸಿ. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಪೂಜೆಯಲ್ಲಿರುವ ಮೂರ್ತಿಯ ಲೆಕ್ಕ ಬೇರೆ, ಪಡಸಾಲೆಯ ಪೆಟ್ಟಿಗೆಯ ಲೆಕ್ಕ ಬೇರೆ. ಆದರೂ ಈ ಪೆಟ್ಟಿಗೆಗೂ ಸ್ವಲ್ಪ ದೈವತ್ವ ಹತ್ತಿತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆ ವರ್ಷ ವರ್ಷ ಹಚ್ಚಿದ ಅರಿಸಿನ ಕುಂಕುಮ ಮುಂಗಡೆಯ ಬೀಗದ ಸುತ್ತ ಗಟ್ಟಿಯಾಗಿ ಕೂತಿತ್ತು, ಎರಡು ದಿನದ ಹೊಳೆನೀರಿಗೂ ಪೂರ್ತಿ ಹೋಗಿರಲಿಲ್ಲ. ಅದನ್ನು ಯಾರೂ ಮುಟ್ಟಲಿಲ್ಲ.

ಮುಟ್ಟಬೇಕಾದದ್ದು ಕೆಂಪು ದೂಳನ್ನು. ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ ಆ ಹತ್ತು ವರ್ಷಗಳ ದೂಳು ಈ ಸೀಮೆಯ ಪ್ರತಿ ಮನೆಯ ಪ್ರತಿ ಸಂದಿಯಲ್ಲಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ತಡೆದ ಮೇಲೆ ರಸ್ತೆ ಸ್ವಲ್ಪ ತಿಳಿಯಾಯಿತು, ಕೆತ್ತನೆಯ ಮೂಲೆಗಳು ತಿಳಿಯಾಗಲಿಲ್ಲ. ಕಬ್ಬಿಣದ ಆ ಕೆಂಪನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಎಳೆಯೊಳಗೆ ಬಣ್ಣದಂತೆ ಇಳಿಯುತ್ತದೆ. ಒಣ ಮೆದು ಬ್ರಷ್ಷು, ಊದುವುದು, ಮತ್ತೆ ಬ್ರಷ್ಷು. ಹೊಳೆ ಅರ್ಧ ಕೆಲಸ ಮಾಡಿತ್ತು. ಅದರ ಬದಲಿಗೆ ತನ್ನ ಬೂದು ಮೆಕ್ಕಲು ಬಿಟ್ಟುಹೋಗಿತ್ತು.

ಪಾಲಿಶಿನ ಮಾತು ಬಂದಾಗ ಬೀದಿಯ ಅಂಗಡಿಯವರ ಸಲಹೆ ಒಂದೇ: ಮೆಷಿನ್ನಿಂದ ಉಜ್ಜಿಸಿ, ಪಿಯು (ಪಾಲಿಯುರೆಥೇನ್) ಹೊಡೆಸಿ, ಕನ್ನಡಿಯಂತೆ ಆಗುತ್ತದೆ. ಆಗುತ್ತದೆ, ಸಂಶಯವಿಲ್ಲ. ಆದರೆ ಉಜ್ಜುವ ಯಂತ್ರ ಎರಡು ನಿಮಿಷದಲ್ಲಿ ತೆಗೆಯುವುದು ಮರದ ಮೇಲ್ಮೈಯ ಆ ಅರ್ಧ ಮಿಲಿಮೀಟರನ್ನು. ತಲೆಮಾರುಗಳ ಅಂಗೈ, ಬಿಸಿಲು, ಎಣ್ಣೆ, ಹೊಗೆ ಸೇರಿ ಮಾಡಿದ ಬಣ್ಣ ಇರುವುದು ಅಷ್ಟರಲ್ಲೇ. ಕೆಳಗೆ ಸಿಗುವುದು ನಿನ್ನೆ ಕೊಯ್ದ ಹಾಗಿನ ಹಳದಿ ತೇಗ. ಪಿಯು ಒಮ್ಮೆ ಗಟ್ಟಿಯಾದರೆ ಕರಗಿಸಲು ಬರುವುದಿಲ್ಲ, ಮುಂದಿನವರು ಅದನ್ನು ಮತ್ತೆ ಉಜ್ಜಿಯೇ ತೆಗೆಯಬೇಕು. ಎಪಾಕ್ಸಿಯ ಮೂಲೆಯೇ ಇನ್ನೊಂದು ರೂಪದಲ್ಲಿ.

ಹಳೆಯ ಪಾಲಿಶು ಯಾವುದೆಂದು ತಿಳಿಯಲು ಕಾಣದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಇಡಬೇಕು. ಅಂಟಂಟಾದರೆ ಅರಗು, ಆಗದಿದ್ದರೆ ಎಣ್ಣೆಯದೋ ವಾರ್ನಿಶಿನದೋ. ಇಲ್ಲಿ ಅಂಟಂಟಾಯಿತು. ಅರಗು ಎಂದರೆ ಮುತ್ತುಗ, ಬೋರೆಯಂಥ ಮರಗಳ ಟೊಂಗೆಗಳ ಮೇಲೆ ಒಂದು ಪುಟ್ಟ ಕೀಟ ಸುರಿಸುವ ರಾಳ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅದೇ. ಶುದ್ಧಮಾಡಿದ ಅರಗಿನ ತೆಳು ಹಲ್ಲೆಗಳನ್ನು ಪಾಲಿಶಿನವರು ಚಪಡಾ ಎನ್ನುತ್ತಾರೆ. ಸ್ಪಿರಿಟ್ಟಿನಲ್ಲಿ ರಾತ್ರಿ ಕರಗಿಸಿಟ್ಟು ಬೆಳಗ್ಗೆ ಸೋಸಿದರೆ ಫ್ರೆಂಚ್ ಪಾಲಿಶು ಸಿದ್ಧ. ಹತ್ತಿ ಉಂಡೆಯನ್ನು ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ, ಅದಕ್ಕೆ ಕುಡಿಸಿ, ಮರದ ಮೇಲೆ ಎಲ್ಲೂ ನಿಲ್ಲದೆ ಎಂಟರ ಅಂಕಿಯಂತೆ ಆಡಿಸಬೇಕು. ನಿಂತರೆ ಅಲ್ಲೇ ಹಿಡಿದು ಕಿತ್ತುಬರುತ್ತದೆ. ಹೊಸ ಪದರ ಹಳೆಯದನ್ನು ಕರಗಿಸಿ ಒಂದಾಗುತ್ತದೆ, ಸರೇಸಿನ ಹಾಗೆ. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುವುದು, ನೀರಿಗೆ ಬಿಳಿಚುವುದು ಇದರ ದೋಷ. ಬಿದ್ದ ಉಂಗುರವನ್ನು ಅದೇ ಸ್ಪಿರಿಟ್ ಉಂಡೆಯಿಂದ ತೆಗೆಯಬಹುದು ಎಂಬುದು ಗುಣ. ಒಳಭಾಗಕ್ಕೆ ಅಗಸೆ ಎಣ್ಣೆ ತೆಳ್ಳಗೆ ಸವರಿದರು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ತಂತಿಗೆ ಹಾಕಿ, ಇಲ್ಲವೆ ನೀರಲ್ಲಿ ಮುಳುಗಿಸಿ.

ಹಿತ್ತಾಳೆಯ ಮೂಲೆಪಟ್ಟಿಗಳಿಗೆ ಹುಣಸೆಹಣ್ಣು ಹಚ್ಚಿ ತೊಳೆಯುವ ಉತ್ಸಾಹವನ್ನು ಮನೆಯ ಅತ್ತೆಯವರಿಂದ ಕಸಿದುಕೊಳ್ಳುವುದು ನನ್ನಿಂದಾಗಲಿಲ್ಲ. ಮರದಿಂದ ಬಿಚ್ಚಿದ ಮೇಲೆ ತೊಳೆಯಿರಿ ಎಂದಷ್ಟೇ ಒಪ್ಪಿಸಿದೆ. ಹುಳಿ ಮರಕ್ಕೆ ಇಳಿದರೆ ಹಿತ್ತಾಳೆಯ ಹಸಿರು ಕಿಲುಬು ಅಲ್ಲೇ ಮನೆಮಾಡುತ್ತದೆ.

ಉಳಿದದ್ದು ಆ ನಾಲ್ಕನೇ ಮೂಲೆ. ಹಲಗೆಗಳ ತುದಿಯನ್ನು ಬೆರಳುಗಳಂತೆ ಕೊಯ್ದು, ಹೊರಕ್ಕೆ ಅಗಲವಾಗಿ ಒಳಕ್ಕೆ ಕಿರಿದಾಗಿ ಒಂದರೊಳಗೊಂದು ಹೆಣೆದ ಜೋಡಣೆ ಅದು. ಮೊಳೆ ಬೇಡ, ಎಳೆದರೆ ಜಾರದು. ಅಲ್ಲಿ ಎರಡು ಬೆರಳು ಬುಡದಿಂದ ಹೋಗಿದ್ದವು, ಎಪಾಕ್ಸಿ ಗಾಜಿನಂತೆ ಕಚ್ಚಿಕೊಂಡಿತ್ತು. ಬಿಸಿ ಮಾಡಿ ಮೆತ್ತಗಾದಷ್ಟನ್ನು ಚೂರು ಚೂರೇ ಕೆರೆದು ತೆಗೆಯಲು ಒಂದು ಇಡೀ ದಿನ ಹೋಯಿತು. ಉಳಿದ ಮೂರು ಮೂಲೆಗಳನ್ನು ಬಿಸಿನೀರಿನ ಬಟ್ಟೆಯಿಂದ ಶುದ್ಧಮಾಡಲು ಹಿಡಿದದ್ದು ಒಂದು ಗಂಟೆ. ಕೆಡವಿದ ಹಳೆಮನೆಯ ಜಂತೆಯಿಂದ ತಂದ ತೇಗದಲ್ಲಿ ಎರಡು ಬೆರಳು ಕೊಯ್ದು ಕಸಿ ಮಾಡಿದರು. ಬಣ್ಣ ಸ್ವಲ್ಪ ತಿಳಿ. ಕಲೆಸಿ ಮುಚ್ಚಲೇ ಎಂದು ಕೇಳಿದರು, ನಾನು ಬೇಡವೆಂದೆ. 1964ರ ವೆನಿಸ್ ಸನ್ನದು ಸ್ಮಾರಕಗಳ ಬಗ್ಗೆ ಹೇಳುವುದೂ ಇದನ್ನೇ: ಹೊಸದಾಗಿ ಸೇರಿಸಿದ್ದು ಒಟ್ಟಂದಕ್ಕೆ ಹೊಂದಬೇಕು, ಆದರೆ ಹಳೆಯದೆಂದು ನಂಬಿಸಬಾರದು. ಹಂಪಿಯ ಮಂಟಪಗಳಲ್ಲಿ ಕೆತ್ತನೆಯ ಕಂಬಗಳ ನಡುವೆ ಅಲ್ಲೊಂದು ಇಲ್ಲೊಂದು ಬೋಳು ಕಲ್ಲಿನ ಕಂಬ ನಿಂತಿರುವುದನ್ನು ಕಂಡು ಬೈದುಕೊಂಡವರಲ್ಲಿ ನಾನೂ ಒಬ್ಬ. ಈಗ ಆ ಕಂಬಗಳ ಮೇಲೆ ಸ್ವಲ್ಪ ಗೌರವ ಬಂದಿದೆ.

ಕೆಲಸ ನಡೆದಿದ್ದಾಗಲೇ ಹಳೆಯ ಸಾಮಾನು ಕೊಳ್ಳುವವನೊಬ್ಬ ಬಂದು ಬೆಲೆ ಕೇಳಿಹೋದ. ಹಳೆಮನೆ ಬೀಳುವ ಕಡೆ ಇಂಥವರ ಸುಳಿವು ಮೊದಲೇ ಇರುತ್ತದೆ. ಕಂಬ, ಬಾಗಿಲು, ಪೆಟ್ಟಿಗೆಗಳು ಕಾರೈಕುಡಿ, ಕೊಚ್ಚಿಯ ಅಂಗಡಿ ಸಾಲುಗಳಲ್ಲಿ ಹೋಗಿ ನಿಲ್ಲುತ್ತವೆ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯ್ದೆ ತಡೆಯುತ್ತದೆ. ಊರು ಬಿಟ್ಟು ಊರಿಗೆ ಹೋಗುವುದನ್ನು ತಡೆಯುವ ಕಾಯ್ದೆ ಇಲ್ಲ. ಅವನು ಹೇಳಿದ ಬೆಲೆ ಬಡಿಗೇರರ ಕೂಲಿಯ ಅರ್ಧವೂ ಇರಲಿಲ್ಲ. ಪಾಲಿಶು ಆದ ಮೇಲೆ ಬರುತ್ತೇನೆ ಎಂದ.

ಜೋಡಿಸುವ ದಿನ ಸರೇಸಿನ ಪಾತ್ರೆ ಬೆಳಗ್ಗೆಯೇ ಒಲೆಯೇರಿತು, ಮನೆಯೆಲ್ಲ ಅದರ ವಾಸನೆ. ಹಲಗೆಗಳ ತುದಿಯಲ್ಲಿ ಮೂಲ ಬಡಿಗ ಉಳಿಯಿಂದ ಮಾಡಿಕೊಂಡ ಗುರುತುಗಳಿದ್ದವು: ಒಂದು ಮೂಲೆಗೆ ಒಂದು ಗೀರು, ಮುಂದಿನದಕ್ಕೆ ಎರಡು, ಮೂರು, ನಾಲ್ಕು. ಯಾವ ಹಲಗೆ ಯಾವುದಕ್ಕೆ ಎಂದು ತಪ್ಪದಿರಲು. ಕೂಡಿದ ಮೇಲೆ ಈ ಗೀರುಗಳು ಒಳಗೆ ಸೇರಿಹೋಗುತ್ತವೆ, ಹೊರಗಿನವರಿಗೆ ಕಾಣುವುದಿಲ್ಲ. ಹೊಳೆ ಬರದಿದ್ದರೆ ನಾವೂ ನೋಡುತ್ತಿರಲಿಲ್ಲ. ನಾಲ್ಕು ಗೀರಿದ್ದ ತುಂಡು ಸೀಳಿ ಹೋಗಿದ್ದರಿಂದ ಬಡಿಗೇರರು ಹೊಸ ಬೆರಳುಗಳ ಮೇಲೆ ತಾವೇ ನಾಲ್ಕು ಗೀರು ಹಾಕಿದರು. ಒಂದು ಗಳಿಗೆ ತಡೆದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಪಕ್ಕದಲ್ಲಿ ಆ ದಿನದ ತಾರೀಖು ಬರೆದರು. ಆಮೇಲೆ ಬಿಸಿ ಅಂಟು ಸವರಿ, ಕೊಡತಿಯಿಂದ ಮೆಲ್ಲಗೆ ತಟ್ಟಿ ಮೂಲೆಯನ್ನು ಮುಚ್ಚಿದರು.